ಬಟ್ಟೆ ಉರಿದರೆ ಬಟ್ಟೆ ಕಾಣುವ ಊರು

ನಮ್ಮ ಊರಿನಲ್ಲಿ ಒಂದು ಚಿತ್ರ ಕಾಣಬೇಕಾದರೆ ಇನ್ನೊಂದು ಚಿತ್ರ ಉರಿಯಬೇಕು.

ಇದು ನಾನು ಕಟ್ಟಿದ ಮಾತಲ್ಲ. ನಮ್ಮ ಕಡೆ ಚಿತ್ರ ಬರೆಯುವವರು ಒಂದು ಮುಳ್ಳುಗಿಡದ ಹಾಲಿನಿಂದ ಬರೆಯುತ್ತಾರೆ. ಹಾಲು ಒಣಗಿತೋ, ಬರೆದದ್ದೆಲ್ಲ ಬಟ್ಟೆಯೊಳಗೆ ಮಾಯ. ಬಿಸಿಲಿಗೆ ಹಿಡಿದರೆ ಬರೀ ಬಿಳಿ ಬಟ್ಟೆ. ಒಲೆಯ ಬೆಂಕಿಗೆ ಹಿಡಿದರೂ ಬರೀ ಬಿಳಿ ಬಟ್ಟೆ. ಹಳೆಯ ಚಿತ್ರದ ಬಟ್ಟೆಯನ್ನು ಹರಿದು, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಅದ್ದಿ ಹಚ್ಚಿದರೆ, ಆ ಬೆಳಕಿಗೆ ಮಾತ್ರ ಹೊಸ ಚಿತ್ರ ಏಳುತ್ತದೆ. ಜಾಣತನ ಮಾಡಿ, ಸುಮ್ಮನೆ ಹಾಲು ಬಳಿದ ಬಟ್ಟೆಯನ್ನು ಉರಿಸಿ ನೋಡಿದವರಿದ್ದಾರೆ. ಹೊಗೆ ಬಂತು, ಚಿತ್ರ ಬರಲಿಲ್ಲ. ಒಬ್ಬರು ಕೂತು ಬರೆದಿರಬೇಕು, ನಾಲ್ಕು ಜನ ನೋಡಿರಬೇಕು, ಅಂಥ ಬಟ್ಟೆಯೇ ಬೆಳಗುವುದು. ಹಾಗಾದರೆ ಮೊಟ್ಟಮೊದಲ ಬತ್ತಿ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ. ನನಗೆ ಈ ಕೆಲಸ ಕಲಿಸಿದ ನನ್ನ ಅತ್ತೆಯನ್ನು ನಾನೂ ಕೇಳಿದ್ದೆ. ಬಾಯಿ ಮುಚ್ಚಿಕೊಂಡು ಹೊಸೆ ಎಂದಿದ್ದಳು.

ನಾನು ಬತ್ತಿಯವಳು.

ವರ್ಷಕ್ಕೊಮ್ಮೆ ಮೂವರು ಚಿತ್ರದವರು ಮೂರು ಬಟ್ಟೆ ತರುತ್ತಾರೆ. ಚಾವಡಿಯ ಬಾಗಿಲು ಕಿಟಕಿಗಳನ್ನು ಹಾಡುಹಗಲೇ ಮುಚ್ಚಿ ಕತ್ತಲು ಮಾಡುತ್ತಾರೆ. ಬಟ್ಟೆ ಎಡಗಂಬದಿಂದ ಬಲಗಂಬಕ್ಕೆ ನಿಧಾನವಾಗಿ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಹಿಂದೆ ದೀಪ ಉರಿಯುತ್ತದೆ, ಚಿತ್ರ ನಡೆಯುತ್ತದೆ. ದಿನಕ್ಕೊಂದು ಬಟ್ಟೆ, ದಿನಕ್ಕೊಂದು ಬತ್ತಿ. ನಾಲ್ಕನೆಯ ದಿನ ತೂಕ. ಗೆದ್ದ ಬಟ್ಟೆ ವರ್ಷವಿಡೀ ಕಂಬದ ಮೇಲೆ ಉಳಿಯುತ್ತದೆ. ಸೋತ ಎರಡು ಬಟ್ಟೆಗಳನ್ನು ನಾನು ಹೆಬ್ಬೆರಳಿನ ಅಗಲಕ್ಕೆ ಪಟ್ಟಿಪಟ್ಟಿಯಾಗಿ ಹರಿಯುತ್ತೇನೆ. ಆ ಪಟ್ಟಿಗಳೇ ವರ್ಷದ ಬತ್ತಿ. ಸೋತವರ ಬೆಳಕಿನಲ್ಲಿ ಊರು ದಿನವೂ ಗೆದ್ದವನನ್ನು ನೋಡುತ್ತದೆ.

ಬಟ್ಟೆಯ ಮುಂದೆ ಊರ ಜನ ಕೂರುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹುಣಸೆ ಬೀಜ. ಬಟ್ಟೆಯ ಹಿಂದೆ, ದೀಪದಿಂದಾಚೆ, ಐದು ಜನ ಕೂರುತ್ತಾರೆ. ಅವರನ್ನು ಕಣ್ಣಿನವರು ಎನ್ನುತ್ತಾರೆ. ಅವರ ಕೈಯಲ್ಲಿ ಹೊಳೆಯ ಬಿಳಿ ಕಲ್ಲು. ಬೀಜ ದೊಡ್ಡದೋ ಕಲ್ಲು ದೊಡ್ಡದೋ ಎಂದು ನಮ್ಮ ಹಿರಿಯರು ತಲೆ ಒಡೆದುಕೊಂಡಿದ್ದಾರಂತೆ. ನೂರು ಜನ ನಕ್ಕರೆ ಅದು ಚಿತ್ರವಾಗುತ್ತದೆಯೇ ಎಂದು ಕಲ್ಲಿನವರು. ಐದು ಜನ ತಲೆದೂಗಿದರೆ ಆಗುತ್ತದೆಯೇ ಎಂದು ಬೀಜದವರು. ಕೊನೆಗೆ ಒಂದು ಕಲ್ಲಿಗೆ ಒಂದು ಹಿಡಿ ಬೀಜ ಸಮ ಎಂದು ಒಪ್ಪಂದವಾಯಿತು. ಒಪ್ಪಂದವಾಯಿತು, ಜಗಳ ಹೋಗಲಿಲ್ಲ.

ನಾನು ಕೂರುವುದು ದೀಪದ ಪಕ್ಕ, ಬಟ್ಟೆಯ ಅಂಚಿನಲ್ಲಿ. ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ, ಹಿಂದಿನವರಿಗೆ ಮುಂದಿನವರು ಕಾಣುವುದಿಲ್ಲ. ಎರಡೂ ಕಡೆಯ ಮುಖಗಳು ಕಾಣುವುದು ನನಗೊಬ್ಬಳಿಗೆ. ಅದಕ್ಕೇ ನನಗೆ ಬೀಜವೂ ಇಲ್ಲ, ಕಲ್ಲೂ ಇಲ್ಲ. ಎರಡೂ ಕಡೆ ಕಂಡವಳು ಚಾವಡಿಯೊಳಗೆ ಬಾಯಿ ಬಿಡಬಾರದು ಎಂಬುದೂ ಕಟ್ಟಳೆ. ಮೂವತ್ತು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ.

ಈಗ ಆ ವರ್ಷದ ಮಾತು ಹೇಳುತ್ತೇನೆ.

ಅದಕ್ಕೆ ಮೂರು ವರ್ಷ ಹಿಂದೆ ಊರಿಗೆ ಜ್ವರ ಬಂದಿತ್ತು. ಮನೆಗೊಬ್ಬರಂತೆ ಹೋದರು. ನಮ್ಮ ಮನೆಯಿಂದ ನನ್ನ ಮಗಳು ಹೋದಳು. ಒಬ್ಬಳೇ ಇದ್ದಳು. ಜ್ವರ ಇಳಿದ ಮೇಲೆ ಒಂದು ದಿನ ನಮ್ಮ ಕಡೆಯ ಚಿತ್ರಗಾತಿಯೊಬ್ಬಳು ನನ್ನ ಜಗಲಿಗೆ ಬಂದು ಕೂತಳು. ಒಣಕಲು ಹೆಂಗಸು, ಮುಳ್ಳು ಚುಚ್ಚಿ ಚುಚ್ಚಿ ಬೆರಳ ತುದಿಯೆಲ್ಲ ಕಪ್ಪು.

"ಅಕ್ಕಾ, ನಿನ್ ಮಗಳು ನಗುವಾಗ ಹೆಂಗಿದ್ಲು?" ಎಂದಳು.

"ಯಾಕವ್ವಾ ಈಗ ಅದೆಲ್ಲ?"

"ಹೇಳು. ಎಲ್ಲರ ಮನೇಲೂ ಕೇಳ್ತಾ ಇದೀನಿ."

ತುಟಿ ಬಲಗಡೆಗೆ ಒಂಚೂರು ಎಳೆಯುತ್ತಿತ್ತು ಎಂದೆ. ನಕ್ಕರೆ ಬಲಗಣ್ಣು ಮುಚ್ಚಿಹೋಗುತ್ತಿತ್ತು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅನುಮಾನ ಬಂತು, ಬಲಗಡೆಗೋ ಎಡಗಡೆಗೋ ಎಂದು. ಹೆತ್ತವಳಿಗೇ ಮೂರು ತಿಂಗಳಲ್ಲಿ ಮುಖ ಮಸುಕಾಗುತ್ತದೆ ಎಂದರೆ ಎಂಥ ಕರ್ಮ ನೋಡಿ. ಅವಳು ಸಮಾಧಾನ ಹೇಳಲಿಲ್ಲ. ನನ್ನ ಮುಖವನ್ನು ಹೊರಳಿಸಿ ಹೊರಳಿಸಿ ನೋಡಿ, "ಬಲಗಡೇಗೇ" ಎಂದು ಎದ್ದು ಹೋದಳು.

ಮೂರು ವರ್ಷ ಬರೆದಳು.

ಮೊದಲ ದಿನ ನಗಿಸುವವನ ಬಟ್ಟೆ. ಒಂದು ಮೇಕೆ ಯಜಮಾನನ ಪೇಟ ತಿನ್ನುತ್ತದೆ, ಯಜಮಾನ ಮೇಕೆಯ ಹಿಂದೆ ಓಡುತ್ತಾನೆ, ಪಂಚೆ ಬೇಲಿಗೆ ಸಿಕ್ಕಿಕೊಳ್ಳುತ್ತದೆ, ಊರಿಗೆ ಊರೇ ಮೇಕೆಯ ಹಿಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ. ಜ್ವರದ ನಂತರ ನಮ್ಮ ಊರು ನಕ್ಕದ್ದು ಅದೇ ಮೊದಲು. ಹಿಂದೆ ಕೂತ ಕಣ್ಣಿನವರಲ್ಲಿ ಒಬ್ಬನ ಭುಜ ಕುಲುಕುತ್ತಿತ್ತು, ಪಕ್ಕದವನು ನೋಡಿದ ಕೂಡಲೇ ಕೆಮ್ಮಿದ.

ಎರಡನೆಯ ದಿನ ಚಿತ್ರಗಾತಿಯ ಬಟ್ಟೆ. ಅದರಲ್ಲಿ ಏನೂ ನಡೆಯುವುದಿಲ್ಲ. ಬಿಂದಿಗೆ ಹೊತ್ತವರ ಒಂದು ಸಾಲು ಹೊಳೆಯ ಕಡೆಗೆ ಹೋಗುತ್ತಿರುತ್ತದೆ, ಬೆನ್ನುಗಳು ಮಾತ್ರ ಕಾಣುತ್ತವೆ. ಹೋಗುತ್ತಾ ಹೋಗುತ್ತಾ ಒಬ್ಬೊಬ್ಬರೇ ಒಂದು ಸಲ ತಿರುಗಿ ನೋಡುತ್ತಾರೆ. ಅಷ್ಟೇ. ತಿರುಗಿದವರೆಲ್ಲ ಜ್ವರದಲ್ಲಿ ಹೋದವರು. ಇವನ ತಮ್ಮ, ಅವಳ ಗಂಡ, ಕಣ್ಣಿನವರ ಹಿರಿಯನ ಹೆಂಡತಿ. ಅರ್ಧ ಸಾಲು ಮುಗಿಯುವ ಹೊತ್ತಿಗೆ ನನ್ನ ಮಗಳು ತಿರುಗಿದಳು. ತುಟಿ ಬಲಗಡೆಗೆ ಎಳೆದಿತ್ತು.

ಬತ್ತಿ ಸರಿಮಾಡುವ ನೆಪದಲ್ಲಿ ಮುಖ ಆಚೆ ಮಾಡಿ ಎರಡೂ ಕಡೆ ನೋಡಿದೆ. ಮುಂದೆ ಜನ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನಗಿಸುವವನು ಅವರ ನಡುವೆ ಕೂತು ಕೂಸಿನ ಹಾಗೆ ಅಳುತ್ತಿದ್ದ. ಹಿಂದೆ ಕಣ್ಣಿನವರು ಐದೂ ಜನ ಅಳುತ್ತಿದ್ದರು, ಸದ್ದಿಲ್ಲದೆ. ಸದ್ದು ಮಾಡಿ ಅಳುವುದು ಕಣ್ಣಿನವರಿಗೆ ಶೋಭೆಯಲ್ಲ. ಈ ಬಟ್ಟೆ ಉಳಿಯಿತು ಎಂದುಕೊಂಡೆ. ಇನ್ನೊಂದು ವರ್ಷ ನನ್ನ ಮಗಳು ದಿನಕ್ಕೊಂದು ಸಲ ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡೆ.

ಮೂರನೆಯ ದಿನ ಗೆರೆಯವನ ಬಟ್ಟೆ. ಒಂದು ಗೆರೆ. ಎಡಗಂಬದಿಂದ ಬಲಗಂಬದವರೆಗೆ ಒಂದೇ ಗೆರೆ, ಏಳಲಿಲ್ಲ, ಬೀಳಲಿಲ್ಲ. ಮುಂದಿನವರು ನಿದ್ದೆ ಹೋದರು. ಹಿಂದೆ ಐದು ತಲೆಗಳು ತೂಗುತ್ತಿದ್ದವು. ಅದರಲ್ಲಿ ಎರಡು ತೂಕಡಿಕೆಯವು.

ನಾಲ್ಕನೆಯ ದಿನ ಬೆಳಿಗ್ಗೆ ಮೂರು ಮಡಕೆ ಇಟ್ಟರು. ಜನ ಸಾಲಾಗಿ ಬಂದು ಬೀಜ ಹಾಕಿದರು. ಬಾಗಿಲ ಬಳಿ ನಿಂತಿದ್ದ ನನ್ನ ಕಿವಿಗೆ ಅವರ ಮಾತು ಬೀಳುತ್ತಿತ್ತು.

"ಚಿತ್ರಗಾತೀದು ಹೆಂಗೂ ಕಣ್ಣಿನೋರು ಗೆಲ್ಲಿಸ್ತಾರೆ ಬಿಡು. ಎಷ್ಟು ದೊಡ್ಡ ಚಿತ್ರ ಅದು, ನಮ್ ಬೀಜ ಯಾವ ಲೆಕ್ಕ ಅದಕ್ಕೆ?"

"ಹೂಂ ಮತ್ತೆ. ಪಾಪ, ನಗಿಸೋನಿಗೆ ಅವರು ಒಂದು ಕಲ್ಲೂ ಕೊಡಲ್ಲ. ನಾವಾದ್ರೂ ಹಾಕಾಣ."

ಒಬ್ಬೊಬ್ಬರೂ ಹೀಗೇ ಅಂದುಕೊಂಡು ಮೇಕೆಯ ಮಡಕೆಗೆ ಬೀಜ ಹಾಕಿದರು. ಆಮೇಲೆ ಕಣ್ಣಿನವರು ಬಂದರು. ಕಲ್ಲು ಹಾಕುವಾಗ ಕಾರಣ ಹೇಳುವುದು ಅವರ ಪದ್ಧತಿ.

"ಬಿಂದಿಗೆಯ ಚಿತ್ರಕ್ಕೆ ನಮ್ಮ ಕಲ್ಲು ಬೇಕಿಲ್ಲ" ಎಂದ ಹಿರಿಯ. "ಆ ಅಳು ನಾವೂ ಕೇಳಿದೆವು. ಜನ ಈಗಾಗಲೇ ಅದರ ಮಡಕೆ ತುಂಬಿರುತ್ತಾರೆ. ಯಾರೂ ನೋಡದೆ ಬಿಟ್ಟವನನ್ನು ಕಾಯುವುದು ನಮ್ಮ ಕೆಲಸ." ಐದು ಕಲ್ಲೂ ಗೆರೆಯ ಮಡಕೆಗೆ ಬಿದ್ದವು. ಮಡಕೆಯೊಳಗೆ ಒಂದು ಸಲ ಬಗ್ಗಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಬೇರೆಯವರ ಮಡಕೆಯಲ್ಲಿ ಬಗ್ಗಿ ನೋಡುವುದು ಸಣ್ಣತನ ಎಂದು ನಮ್ಮ ಊರಿನಲ್ಲಿ ಹೇಳಿಕೊಡುತ್ತಾರೆ.

ಯಾವ ಮಡಕೆಗೆ ಏನು ಬಿತ್ತು ಎಂದು ನಾನು ನೋಡಿದ್ದೆ. ಬಾಗಿಲ ಒಳಗೆ ಒಂದು ಹೆಜ್ಜೆ ಇಟ್ಟರೆ ಚಾವಡಿ, ಹೊರಗೆ ಇಟ್ಟರೆ ಬೀದಿ. ಬೀದಿಗೆ ಇಳಿದು ಕೂಗಿದ್ದರೆ ಯಾವ ಕಟ್ಟಳೆಯೂ ಮುರಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬಂದದ್ದು ಮಾರನೆಯ ದಿನ. ಮೂವತ್ತು ವರ್ಷ ಮುಚ್ಚಿದ ಬಾಯಿ, ತೆರೆಯುವುದನ್ನೇ ಮರೆತಿತ್ತು.

ತಕ್ಕಡಿಯವನು ಮಡಕೆಗಳನ್ನು ತೂಗಿದ. ಮೇಕೆಯದು ಇಳಿಯಿತು, ಗೆರೆಯದು ಅದಕ್ಕಿಂತ ತುಸು ಮೇಲೆ ನಿಂತಿತು. ಚಿತ್ರಗಾತಿಯ ಮಡಕೆ ಎತ್ತಿ ಇಡುವಾಗಲೇ ಅವನ ಕೈಗೆ ಗೊತ್ತಾಯಿತು. ತಲೆಕೆಳಗು ಮಾಡಿ ತೋರಿಸಿದ. ಒಂದು ಬೀಜವೂ ಇಲ್ಲ, ಒಂದು ಕಲ್ಲೂ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ. ಇಲ್ಲಿ ಜಗಳವೂ ಇರಲಿಲ್ಲ, ಕೂಸನ್ನು ನೀನು ಎತ್ತಿಕೊಂಡಿದ್ದೀಯ ಎಂದು ಇಬ್ಬರೂ ಕೈಬಿಟ್ಟಿದ್ದರು.

ಸಂಜೆ ಗೆದ್ದವನು ನನ್ನ ಮನೆಗೆ ಬಂದ.

"ಅಮ್ಮಾ, ನಂದು ಹರಿ. ಅವಳ್ದು ಬಿಡು" ಎಂದ.

"ಆಗಲ್ಲಪ್ಪ. ಗೆದ್ದ ಬಟ್ಟೆ ನಾನು ಮುಟ್ಟಂಗಿಲ್ಲ."

"ಮೇಕೆ ಚಿತ್ರ ನಾನು ಇನ್ನೊಂದು ಬರೀತೀನಿ. ಜನ ನಗಬೇಕು ಅಂತ ಬರೆದೆ, ನಕ್ಕರು, ನನಗೆ ಅಷ್ಟು ಸಾಕು. ಅವಳು ಇನ್ನೊಂದು ಸಲ ಬರೆಯಕ್ಕಾಗತ್ತಾ ಅದನ್ನ?"

"ನಿನ್ ಬೀಜ ಎಲ್ಲಿ ಹಾಕ್ದೆ?" ಎಂದು ಕೇಳಿದೆ.

ಅವನು ನೆಲ ನೋಡಿದ. "ನಂದಕ್ಕೇ ಹಾಕ್ಕೊಂಡೆ. ಒಂದೂ ಬೀಳದೆ ಹೋದ್ರೆ ಅಂತ ಭಯ ಆಯ್ತು."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಳ್ಳೆಯವನು. ನಮ್ಮ ಊರಿನಲ್ಲಿ ಆ ವರ್ಷ ಕೆಟ್ಟವರು ಒಬ್ಬರೂ ಇರಲಿಲ್ಲ, ಅದೇ ನನ್ನ ಹೊಟ್ಟೆ ಉರಿ. ಒಬ್ಬ ಕೆಟ್ಟವನಿದ್ದಿದ್ದರೆ ಅವನಿಗೆ ಶಾಪ ಹಾಕಿ ಒಂದು ತುತ್ತು ಉಣ್ಣಬಹುದಿತ್ತು.

ಬಟ್ಟೆ ಹರಿಯುವಾಗ ಬರೆದವರೇ ಒಂದು ತುದಿ ಹಿಡಿಯಬೇಕು. ಅದೂ ಕಟ್ಟಳೆ. ಗೆರೆಯವನು ತನ್ನ ಗೆರೆ ನೂರು ಚೂರಾಗುವವರೆಗೆ ಹಿಡಿದೇ ನಿಂತ, ಪಾಪ. ಆಮೇಲೆ ಚಿತ್ರಗಾತಿ ಬಂದಳು. ಹಗಲ ಬೆಳಕಿನಲ್ಲಿ ಅವಳ ಮೂರು ವರ್ಷ ಬರೀ ಬಿಳಿ ಬಟ್ಟೆಯಾಗಿತ್ತು. ನಾನು ಹಲ್ಲಿನಿಂದ ಅಂಚು ಕಚ್ಚಿ ಹರಿಯುತ್ತಾ ಹೋದೆ. ಹರಿಯುವ ಸದ್ದಿಗೆ ಅವಳ ರೆಪ್ಪೆ ಒಂದೊಂದು ಸಲ ಅದುರುತ್ತಿತ್ತು. ಅರ್ಧಕ್ಕೆ ಬಂದಾಗ ಅವಳ ಹಿಡಿತ ಬಿಗಿಯಾಯಿತು.

"ಇಲ್ಲಿ ನಿನ್ ಮಗಳು" ಎಂದಳು. "ಈ ಪಟ್ಟಿ, ಇದು, ಇದು. ಮೂರು."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಆ ಮೂರು ಪಟ್ಟಿಗಳನ್ನೂ ಹರಿದೆ. ಹರಿಯದೆ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತು, ಆದರೆ ನನ್ನ ಕೈ ಮೂವತ್ತು ವರ್ಷದಿಂದ ಹರಿದ ಕೈ. ಹರಿದು, ಉಳಿದವುಗಳ ಜೊತೆ ಹಾಕದೆ, ದೀಪದ ಕಂಬದ ಕೆಳಗಿನ ಗೂಡಿನಲ್ಲಿಟ್ಟೆ. ಬಟ್ಟೆ ಮುಗಿದ ಮೇಲೆ ಚಿತ್ರಗಾತಿ ತನ್ನ ಕೈಯಲ್ಲಿ ಉಳಿದ ಅಂಚನ್ನು ನನಗೆ ಕೊಟ್ಟು ಹೊಳೆಯ ದಾರಿ ಹಿಡಿದು ಹೋದಳು. ತಿರುಗಿ ನೋಡಲಿಲ್ಲ. ಮತ್ತೆ ಅವಳನ್ನು ಕಂಡವರಿಲ್ಲ.

ವರ್ಷ ನಡೆಯಿತು. ದಿನಕ್ಕೊಂದು ಬತ್ತಿ. ಇವನ ತಮ್ಮ ಉರಿದ, ಮೇಕೆ ಓಡಿತು. ಅವಳ ಗಂಡ ಉರಿದ, ಮೇಕೆ ಓಡಿತು. ಹಿರಿಯನ ಹೆಂಡತಿ ಉರಿದಳು, ಮೇಕೆ ಓಡಿತು. ಮೊದಮೊದಲು ಜನ ನಕ್ಕರು. ಮಳೆಗಾಲ ಬರುವಾಗ ಮುಗುಳ್ನಕ್ಕರು. ದೀಪದ ಮಸಿ ಕೂತು ಕೂತು ಮೊದಲು ಯಜಮಾನನ ಮುಖ ಕಪ್ಪಾಯಿತು, ಆಮೇಲೆ ಬೇಲಿ, ಆಮೇಲೆ ಮೇಕೆ. ಗೆದ್ದ ಬಟ್ಟೆಯ ಪಾಡು ಪ್ರತಿ ವರ್ಷವೂ ಅದೇ. ವರ್ಷ ಮುಗಿಯುವಾಗ ಅದರಲ್ಲಿ ಓಡುತ್ತಿರುವುದು ಮೇಕೆಯೋ ಮೋಡವೋ ತಿಳಿಯುವುದಿಲ್ಲ.

ವರ್ಷದ ಕೊನೆಗೆ ಮೂವರು ಹೊಸಬರು ಮೂರು ಬಟ್ಟೆ ಹೊತ್ತು ಬಂದರು. ಬಾಗಿಲು ಮುಚ್ಚಿದರು. ತಕ್ಕಡಿಯವನು ಬುಟ್ಟಿಗೆ ಕೈ ಹಾಕಿದ. ಬುಟ್ಟಿ ಖಾಲಿ.

"ಮೂರು ಬತ್ತಿ ಕಡಿಮೆ ಇದೆಯಲ್ಲವ್ವಾ" ಎಂದ.

ನಾನು ಗೂಡಿಗೆ ಬೆನ್ನು ಕೊಟ್ಟು ಕೂತೆ. ಕತ್ತಲಲ್ಲಿ ಎಲ್ಲರೂ ಕೂತೇ ಇದ್ದರು. ಏಳೋಣವೆಂದರೆ ನೋಡದೆ ಏಳುವ ರೂಢಿಯಿಲ್ಲ. ನೋಡೋಣವೆಂದರೆ ನೋಡಲು ಏನೂ ಇಲ್ಲ. ನಮ್ಮ ಊರಿನವರು ಒಟ್ಟಿಗೆ ಕೂತು ಏನನ್ನೂ ನೋಡದೆ ಇದ್ದದ್ದು ಅದೇ ಮೊದಲು. ಎಷ್ಟೋ ಹೊತ್ತಿನ ಮೇಲೆ ಒಂದು ಹೆಣ್ಣು ದನಿ ಮೆಲ್ಲಗೆ ಕೇಳಿತು.

"ಹೋದ ವರ್ಷದ ಬಿಂದಿಗೆ ಚಿತ್ರ ಯಾರಿಗಾದ್ರೂ ನೆನಪೈತಾ? ನಮ್ಮೆಜಮಾನ್ರು ತಿರುಗಿದ್ರು ಅದ್ರಾಗೆ."

"ನನ್ ತಮ್ಮನೂ ತಿರುಗಿದ್ದ" ಎಂದ ಒಬ್ಬ.

"ಅಷ್ಟೊಂದು ಅತ್ತಿದ್ಯಲ್ಲ, ಬೀಜ ಯಾಕ್ ಹಾಕ್ಲಿಲ್ಲ?"

"ನೀನು ಹಾಕ್ತೀಯ ಅಂದ್ಕೊಂಡೆ. ನೀನ್ಯಾಕ್ ಹಾಕ್ಲಿಲ್ಲ?"

"ನಾನು ಕಣ್ಣಿನೋರು ಹಾಕ್ತಾರೆ ಅಂದ್ಕೊಂಡೆ."

ಬಟ್ಟೆಯ ಹಿಂದಿನಿಂದ ಹಿರಿಯನ ದನಿ ಬಂತು. ಬಟ್ಟೆಯ ಹಿಂದಿನಿಂದ ಮುಂದಿನವರಿಗೆ ಮಾತು ಬಂದದ್ದೂ ಅದೇ ಮೊದಲು. "ನಾವೂ ಅತ್ತೆವು" ಎಂದ. ಆಮೇಲೆ, "ನೀವು ಹಾಕುತ್ತೀರಿ ಎಂದುಕೊಂಡೆವು" ಎಂದ.

ಕತ್ತಲಲ್ಲಿ ಮತ್ತೆ ಅಳು ಎದ್ದಿತು. ಈ ಸಲ ಎರಡೂ ಕಡೆಯಿಂದ, ಸದ್ದು ಮಾಡಿ. ಅದರ ಒಂದು ಚೂರಾದರೂ ಉಳಿದಿದ್ದರೆ ಎಂದು ಯಾರೋ ಅಂದರು.

"ಐತೆ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮೂರು ಪಟ್ಟಿ ಐತೆ. ನನ್ ಮಗಳದು."

ಕಟ್ಟಳೆ ಮುರಿದೆ ಎಂದು ಯಾರೂ ಬೈಯಲಿಲ್ಲ. ತೋರಿಸು ತೋರಿಸು ಎಂದು ಜನ ದೀಪದ ಹತ್ತಿರ ಬಂದರು. ಮೂರು ಪಟ್ಟಿಗಳನ್ನು ಕೈಯಲ್ಲಿ ಒತ್ತೊತ್ತಿಗೆ ಹಿಡಿದೆ. ಬೆಳಕಿಲ್ಲ. ಬೆಳಕು ಬೇಕೆಂದರೆ ನೋಡಿದ ಚಿತ್ರವೊಂದು ಉರಿಯಬೇಕು. ನಗಿಸುವವನು ಕಂಬದಿಂದ ತನ್ನ ಬಟ್ಟೆಯನ್ನು ಎಳೆದು ತಾನೇ ಹರಿದುಕೊಟ್ಟ. "ಈಗಲಾದ್ರೂ ಹಚ್ಚಮ್ಮ" ಎಂದ. ಹೊಸೆದು ಎಣ್ಣೆಗೆ ಹಾಕಿದೆ. ಮಸಿ ತುಂಬಿದ ಬಟ್ಟೆ ಎಣ್ಣೆ ಹೀರಲಿಲ್ಲ, ಕಮರಿ ಹೊಗೆಯಾಡಿತು. ಗೆದ್ದ ಬಟ್ಟೆ ಬೆಳಕಿಗೂ ಬರುವುದಿಲ್ಲ ಎಂದು ಆ ದಿನ ಗೊತ್ತಾಯಿತು. ಹೊಸಬರ ಬಟ್ಟೆಗಳನ್ನು ಇನ್ನೂ ಯಾರೂ ನೋಡಿರಲಿಲ್ಲ, ಅವು ಬೆಳಗುವಂತಿರಲಿಲ್ಲ. ಊರಿನಲ್ಲಿ ಬೆಳಗಬಲ್ಲ ಬಟ್ಟೆ ಎಂದರೆ ನನ್ನ ಕೈಯಲ್ಲಿದ್ದ ಮೂರೇ ಪಟ್ಟಿ.

ಒಂದನ್ನು ಉರಿಸಿದರೆ ಎರಡು ಕಾಣುತ್ತವೆ.

ಎಡಗಡೆಯ ಪಟ್ಟಿಯನ್ನು ತೆಗೆದೆ. ತುಟಿ ಎಳೆಯುವುದು ಬಲಗಡೆಗೆ, ಅದು ಉಳಿಯಲಿ ಎಂದು. ಹೊಸೆಯುವಾಗ ಕೈ ನಡುಗಲಿಲ್ಲ, ಅದನ್ನು ಹೇಳಲು ನನಗೆ ನಾಚಿಕೆ. ಹಚ್ಚಿದೆ. ಇಬ್ಬರು ಹೆಂಗಸರು ಉಳಿದೆರಡನ್ನು ದೀಪದ ಮುಂದೆ ಹಿಡಿದರು. ಮುಕ್ಕಾಲು ಮುಖ ಎದ್ದಿತು. ಮೂಗು, ಎಳೆದ ತುಟಿ, ನಗುತ್ತಾ ಮುಚ್ಚಿಹೋದ ಬಲಗಣ್ಣು. ಎಡಗಣ್ಣು ದೀಪದಲ್ಲಿತ್ತು.

ಎಸರು ಕುದಿಯುವಷ್ಟು ಹೊತ್ತು ಉರಿಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ಅವಳನ್ನೇ ನೋಡಿದರು. ಬತ್ತಿ ಆರಿದ ಮೇಲೆ ಕತ್ತಲಲ್ಲಿ ನನ್ನ ಕಾಲ ಹತ್ತಿರ ಏನೋ ಬೀಳತೊಡಗಿತು. ಒಂದು, ಎರಡು, ಆಮೇಲೆ ಧಾರಾಳವಾಗಿ. ಬೀಜ. ನಡುವೆ ಐದು ಸಲ ಕಲ್ಲು ಬಿದ್ದ ಸದ್ದು. ತಡವಾಗಿ ಬಂದ ನೆಂಟರ ಹಾಗೆ ಬಿದ್ದವು. ಅವುಗಳನ್ನು ಮಾರನೆಯ ಬೆಳಿಗ್ಗೆ ನಾನೇ ಗುಡಿಸಿದೆ.

ಗುಡಿಸುತ್ತಿರುವಾಗ ತಕ್ಕಡಿಯವನು ಬಂದು ಬಾಗಿಲಲ್ಲಿ ನಿಂತ. ಅವನ ಹಿಂದೆ ಮೂವರು ಹೊಸಬರು, ಬಟ್ಟೆಗಳನ್ನು ಎದೆಗೆ ಅವುಚಿಕೊಂಡು. ಅವನು ಬಾಯಿಬಿಟ್ಟು ಕೇಳುವ ಅಗತ್ಯವಿರಲಿಲ್ಲ. ಆ ಎರಡು ಪಟ್ಟಿ ಇಟ್ಟುಕೊಂಡರೆ ನಮ್ಮ ಊರಿನಲ್ಲಿ ಇನ್ನು ಯಾರ ಚಿತ್ರವೂ ಎಂದೂ ಕಾಣುವುದಿಲ್ಲ. ಅವಳೂ ಕಾಣುವುದಿಲ್ಲ, ಬಿಳಿ ಬಟ್ಟೆಯಾಗಿ ನನ್ನ ಗೂಡಿನಲ್ಲಿರುತ್ತಾಳೆ. ಹೊಸಬರಲ್ಲಿ ಒಬ್ಬಳ ಬೆರಳ ತುದಿ ಮುಳ್ಳು ಚುಚ್ಚಿ ಕಪ್ಪಾಗಿತ್ತು. ಯಾರೂ ನೋಡದೆ ಹೋದ ಬಟ್ಟೆಯ ಸಂಕಟ ನನಗೆ ಗೊತ್ತು.

ಎರಡು ಪಟ್ಟಿಗಳನ್ನು ಸೀಳಿ ಮೂರು ಬತ್ತಿ ಮಾಡಿದೆ.

ಆ ಮಧ್ಯಾಹ್ನ ಬಾಗಿಲು ಮುಚ್ಚಿದರು. ಹೊಸ ಬಟ್ಟೆ ಕಂಬದಿಂದ ಕಂಬಕ್ಕೆ ನಡೆಯಿತು. ಜನ ಬೀಜ ಹಿಡಿದುಕೊಂಡು ಪಕ್ಕದವರ ಕೈ ನೋಡುತ್ತಿದ್ದರಂತೆ, ಕಣ್ಣಿನವರು ಮುಂದಿನ ಸದ್ದಿಗೆ ಕಿವಿಗೊಟ್ಟಿದ್ದರಂತೆ. ಚಿತ್ರ ಹೇಗಿತ್ತು ಎಂದು ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದರು. ಎರಡೂ ಕಡೆ ಕಂಡವಳು ನೀನೊಬ್ಬಳೇ, ಈಗ ಬಾಯಿ ಬಿಟ್ಟಿದ್ದೀಯ, ಹೇಳು ಎಂದರು.

ನನಗೆ ಗೊತ್ತಿಲ್ಲ. ನಾನು ಬತ್ತಿಯನ್ನು ನೋಡುತ್ತಿದ್ದೆ.